ಪಲ್ಪಿನ ನಾರನ್ನು ಅಳೆಯಲು ಅಲ್ಟ್ರಾಸೌಂಡ್ ಮತ್ತು ಬೆಳಕು ಎರಡೂ ಏಕೆ ಬೇಕು?

ಮರದ ಪಲ್ಪಿನ (ಕಾಗದ ಮಾಡಲು ಬಳಸುವ ಮರದ ತಿರುಳಿನ) ನಾರು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಕಾಣುವಾಗ, ಅದನ್ನು ಅಳೆಯಲು ಅಲ್ಟ್ರಾಸೌಂಡ್ ಮತ್ತು ಲೇಸರ್ ಬೆಳಕನ್ನು ಜೊತೆಯಾಗಿ ಬಳಸುವುದೇಕೆ ಎಂದು ಕೇಳಿದ್ದೀರಿ. ಹಾಸನದಲ್ಲಿ ಭೌತಶಾಸ್ತ್ರ ಕಲಿಸುವ ನಾನು ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಈ ಪ್ರಯೋಗವನ್ನು ಮಾಡಿಸಿದ್ದೇನೆ.

ನಮ್ಮ ಕಡೆ ಬೆಳೆಯುವ ನೀಲಗಿರಿಯ ನಾರು ಸುಮಾರು 0.7ರಿಂದ 1 ಮಿಲಿಮೀಟರ್ ಉದ್ದ, 15ರಿಂದ 20 ಮೈಕ್ರಾನ್ ಅಗಲವಿರುತ್ತದೆ. ಪೈನ್ ಜಾತಿಯ ಮರಗಳ ನಾರು 2ರಿಂದ 4 ಮಿಲಿಮೀಟರ್ ಉದ್ದವಿರುತ್ತದೆ. ಒಂದು ಚಿಟಿಕೆ ಪಲ್ಪಿನಲ್ಲಿ ಇಂಥ ನಾರುಗಳು ಲಕ್ಷಗಟ್ಟಲೆ ಇರುವುದರಿಂದ, ಒಂದೊಂದನ್ನೇ ನೋಡಿ ಅಳೆಯುವುದು ಕಷ್ಟ.

ತೆಳುವಾದ ನಾರಿನ ಮೇಲೆ ಬಿದ್ದ ಲೇಸರ್ ಬೆಳಕು, ನಾರಿಗೆ ಅಡ್ಡಲಾದ ದಿಕ್ಕಿನಲ್ಲಿ ಗೆರೆಯಾಗಿ ಚದುರುತ್ತದೆ. ಆದರೆ ನೀರಿನಲ್ಲಿ ನಾರುಗಳು ದಿಕ್ಕಿಗೊಂದರಂತೆ ತೇಲುವುದರಿಂದ ಪರದೆಯ ಮೇಲೆ ಬರಿಯ ದುಂಡನೆಯ ಮಂಕು ಬೆಳಕು ಕಾಣಿಸುತ್ತದೆ. ಅಲ್ಟ್ರಾಸೌಂಡ್ ಬೇಕಾಗುವುದು ಇಲ್ಲಿ. ಧ್ವನಿ ಹೊರಡಿಸುವ ಫಲಕಕ್ಕೂ ಅದನ್ನು ಹಿಂದಿರುಗಿಸುವ ಫಲಕಕ್ಕೂ ನಡುವೆ ಸ್ಥಾಯಿ ತರಂಗ (ಮುಂದೆ ಸಾಗದೆ ನಿಂತಲ್ಲೇ ಕಂಪಿಸುವ ಅಲೆ) ಏರ್ಪಟ್ಟಾಗ, ನಾರುಗಳು ತಿರುಗಿ, ಅರ್ಧ ತರಂಗದೂರದ ಅಂತರದಲ್ಲಿರುವ ಪದರಗಳಲ್ಲಿ ಸಾಲುಗೂಡುತ್ತವೆ. ಮಂಕು ಬೆಳಕು ಎಳೆದು ಗೆರೆಯಾಗುತ್ತದೆ. ಧ್ವನಿಯನ್ನು ಹಚ್ಚಿದ ಕ್ಷಣದಿಂದ ಗೆರೆ ಮೂಡುವವರೆಗಿನ ಕಾಲವೇ ನಮ್ಮ ಅಳತೆ, ಏಕೆಂದರೆ ಆ ಕಾಲವು ನಾರಿನ ಉದ್ದ ಮತ್ತು ದಪ್ಪವನ್ನು ಅವಲಂಬಿಸಿರುತ್ತದೆ. ತೀರಾ ಸಣ್ಣ ಚೂರುಗಳ ಮೇಲೆ ಧ್ವನಿಯ ಬಲ ಕಡಿಮೆಯಾದ್ದರಿಂದ ಅವು ಅಷ್ಟು ಸುಲಭವಾಗಿ ಸಾಲುಗೂಡುವುದಿಲ್ಲ.

ಆವರ್ತನವನ್ನು ಯೋಚಿಸಿ ಆರಿಸಬೇಕು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್. 1 ಮೆಗಾಹರ್ಟ್ಸ್‌ನಲ್ಲಿ ಪದರಗಳ ಅಂತರ 0.74 ಮಿಲಿಮೀಟರ್ ಮಾತ್ರ, ಅಂದರೆ ನೀಲಗಿರಿಯ ಒಂದು ನಾರಿನಷ್ಟೇ. 150 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 5 ಮಿಲಿಮೀಟರ್ ಆಗುವುದರಿಂದ ನಾರಿಗೆ ತಿರುಗಲು ಜಾಗ ಸಿಗುತ್ತದೆ; ನನ್ನ ಆಯ್ಕೆ ಅದೇ.

ನಮ್ಮ ಮೊದಲ ಪ್ರಯತ್ನದಲ್ಲಿ ನಲ್ಲಿ ನೀರನ್ನು ಹಾಗೆಯೇ ಬಳಸಿದ್ದರಿಂದ ಗೆರೆ ಮೂಡಲೇ ಇಲ್ಲ. ಗಾಜಿನ ಪಾತ್ರೆಯನ್ನು ಕಿಟಕಿಗೆ ಹಿಡಿದು ನೋಡಿದಾಗ ನಾರುಗಳಿಗೆ ಅಂಟಿದ್ದ ಗಾಳಿಗುಳ್ಳೆಗಳು ಬೆಳ್ಳಿಯ ಚುಕ್ಕೆಗಳಂತೆ ಹೊಳೆಯುತ್ತಿದ್ದವು. ಗುಳ್ಳೆಗಳು ಅಲ್ಟ್ರಾಸೌಂಡನ್ನು ನಾರಿಗಿಂತ ಬಹಳ ಹೆಚ್ಚಾಗಿ ಚದುರಿಸುತ್ತವೆ. ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ, ಅದರಲ್ಲಿ ಪಲ್ಪನ್ನು ನೆನೆಸಿದ ಮೇಲೆ ಗೆರೆ ಸ್ಪಷ್ಟವಾಗಿ ಬಂತು.

ತಾಪಮಾನವನ್ನೂ ತಪ್ಪದೆ ಬರೆದುಕೊಳ್ಳಿ. ನೀರು 20 ಡಿಗ್ರಿಯಿಂದ 30 ಡಿಗ್ರಿಗೆ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಹೆಚ್ಚುತ್ತದೆ. ಅದರೊಂದಿಗೆ ತರಂಗದೂರವೂ ಹೆಚ್ಚುವುದರಿಂದ ಹಾಸನದ ಬೆಳಗಿನ ಚಳಿಯಲ್ಲಿ ಹೊಂದಿಸಿದ ಫಲಕಗಳ ಅಂತರವನ್ನು ನಾವು ಮಧ್ಯಾಹ್ನ ಮತ್ತೆ ಸರಿಪಡಿಸಬೇಕಾಗುತ್ತಿತ್ತು. ಸೂಕ್ಷ್ಮದರ್ಶಕವನ್ನು ಬದಿಗಿಡಬೇಡಿ: ಅದರಲ್ಲಿ ಅಳೆದ ಒಂದು ಪಲ್ಪನ್ನು ಮೊದಲು ಈ ಪಾತ್ರೆಗೆ ಹಾಕಿ ಕಾಲವನ್ನು ಗುರುತಿಸಿಕೊಂಡರೆ ಮಾತ್ರ ಉಳಿದ ಪಲ್ಪುಗಳ ಕಾಲವನ್ನು ಮಿಲಿಮೀಟರಿಗೆ ತಿರುಗಿಸಬಹುದು.