ಕಿಡ್ನಿ ಕಸಿ ಆದಮೇಲೆ ಊರಲ್ಲಿ ಬದುಕು: ಮಾತ್ರೆ, ತೋಟ, ಮೀನು, ಮಳೆಗಾಲ

ನಿಮ್ಮ ಪ್ರಶ್ನೆ ಇಷ್ಟು: ತಮ್ಮನಿಗೆ ಕಿಡ್ನಿ ಕಸಿಯಾಗಿ ನಾಲ್ಕನೇ ತಿಂಗಳು, ಕುಮಟಾ ಹತ್ತಿರದ ಹಳ್ಳಿಮನೆಗೆ ಕರೆತಂದಿದ್ದೀರಿ. ಮೀನು ಕೊಡಬಹುದೇ, ತೋಟ-ಗದ್ದೆಗೆ ಯಾವಾಗ ಇಳಿಯಬಹುದು, ನೋಡಲು ಬರುವ ನೆಂಟರನ್ನು ತಡೆಯಬೇಕೇ?

ಮೀನು ಚೆನ್ನಾಗಿ ಬೇಯಿಸಿ ಇವತ್ತೇ ಕೊಡಿ. ತೋಟಕ್ಕೆ ಆರು ತಿಂಗಳು ತುಂಬಲಿ, ಆಮೇಲೂ ಕೆಲವು ಕೆಲಸ ಬಿಟ್ಟೇ ಬಿಡಬೇಕು. ಕೆಮ್ಮು, ಜ್ವರ ಇರುವ ನೆಂಟರನ್ನು ಜಗಲಿಯಲ್ಲೇ ಮಾತಾಡಿಸಿ ಕಳಿಸಿ, ಉಳಿದವರು ಬರಲಿ. ಆದರೆ ನೀವು ಕೇಳದೇ ಇದ್ದದ್ದು ಮಾತ್ರೆಯ ವಿಷಯ. ಮನೆಯವರ ಕೈಯಲ್ಲಿ ಇರುವುದರಲ್ಲಿ ಕಿಡ್ನಿಯನ್ನು ಉಳಿಸುವುದೂ ಕೆಡಿಸುವುದೂ ಮೊದಲಿಗೆ ಅದೇ.

ಟ್ಯಾಕ್ರೋಲಿಮಸ್ ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ, ಸಾಮಾನ್ಯವಾಗಿ 12 ಗಂಟೆಗೊಮ್ಮೆ ನುಂಗುವ ಮಾತ್ರೆ. ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು. ಬೆಳಿಗ್ಗೆ 6, ಸಂಜೆ 6 ಅಂತ ಇಟ್ಟುಕೊಂಡವರು ರಕ್ತ ಪರೀಕ್ಷೆಯ ದಿನ ಪೇಚಿಗೆ ಸಿಗುತ್ತಾರೆ. ಯಾಕೆಂದರೆ ರಕ್ತ ತೆಗೆಯಬೇಕಾದ್ದು ಬೆಳಗಿನ ಮಾತ್ರೆಗೆ ಸ್ವಲ್ಪ ಮುಂಚೆ, ಅಂದರೆ ಹಿಂದಿನ ರಾತ್ರಿಯ ಮಾತ್ರೆಗೆ 12 ಗಂಟೆ ಆಗುವ ಹೊತ್ತಿಗೆ. ಆರು ಗಂಟೆಗೆ ಯಾವ ಲ್ಯಾಬೂ ತೆರೆದಿರೋದಿಲ್ಲ. 9 ಮತ್ತು 9 ಇಟ್ಟುಕೊಳ್ಳಿ. ಪರೀಕ್ಷೆಯ ದಿನ ಮಾತ್ರೆ ಕಿಸೆಯಲ್ಲಿ ಇರಲಿ, ರಕ್ತ ಕೊಟ್ಟು ಅಲ್ಲೇ ನುಂಗಿಬಿಡಲಿ. ಅಭ್ಯಾಸಬಲದಿಂದ ಮನೆಯಲ್ಲೇ ನುಂಗಿ ಹೋದರೆ ವರದಿಯಲ್ಲಿ ಮಟ್ಟ ಸುಳ್ಳುಸುಳ್ಳೇ ಹೆಚ್ಚು ಬರುತ್ತದೆ. ಅದನ್ನು ನಂಬಿ ಡಾಕ್ಟರು ಡೋಸ್ ಇಳಿಸುತ್ತಾರೆ, ನಿಜವಾದ ಮಟ್ಟ ಕೆಳಗೆ ಹೋಗುತ್ತದೆ, ದೇಹ ಕಿಡ್ನಿಯನ್ನು ತಿರಸ್ಕರಿಸಲು ಶುರುಮಾಡುತ್ತದೆ. ಹಾಗೆ ನುಂಗಿಬಿಟ್ಟಿದ್ದರೆ ಮುಚ್ಚಿಡಬೇಡಿ, ಮರುದಿನ ಹೋಗಿ ರಕ್ತ ಕೊಡಿ.

ಮೊದಲ ತಿಂಗಳುಗಳಲ್ಲಿ ಈ ಮಟ್ಟ ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತಕ್ಕೆ 8ರಿಂದ 10 ನ್ಯಾನೋಗ್ರಾಂ ಆಸುಪಾಸು ಇರಬೇಕೆನ್ನುತ್ತಾರೆ, ಆಮೇಲೆ 5ರಿಂದ 8. ನಿಮ್ಮ ತಮ್ಮನ ಗುರಿ ಎಷ್ಟೆಂದು ಕಸಿ ಮಾಡಿದ ತಂಡದಿಂದ ಕೇಳಿ ಬರೆದಿಟ್ಟುಕೊಳ್ಳಿ. ಈ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಇಡೀ ರಕ್ತ ಹೋಗಬೇಕು, ಸೀರಂ ಬೇರ್ಪಡಿಸಿ ಕಳಿಸಿದರೆ ಉಪಯೋಗವಿಲ್ಲ. ತಣ್ಣಗಿಟ್ಟರೆ ಸ್ಯಾಂಪಲ್ ಕೆಲವು ದಿನ ಕೆಡುವುದಿಲ್ಲ, ಆದ್ದರಿಂದ ಕುಮಟಾದಲ್ಲೇ ಕೊಟ್ಟು ದೊಡ್ಡ ಊರಿನ ಲ್ಯಾಬಿಗೆ ಕಳಿಸಬಹುದು. ಪ್ರತಿ ಸಲವೂ ಒಂದೇ ಲ್ಯಾಬ್ ಇರಲಿ. ಪರೀಕ್ಷೆಯ ವಿಧಾನ ಬೇರೆಯಾದರೆ ಅದೇ ರಕ್ತಕ್ಕೆ ಅಂಕಿಯೂ ಬೇರೆ ಬರುತ್ತದೆ, ಆಗ ಹೋಲಿಕೆಗೆ ಅರ್ಥವಿರೋದಿಲ್ಲ.

ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು. ಹೇಗೆ ನುಂಗುತ್ತಾರೋ ದಿನವೂ ಹಾಗೇ ಇರಬೇಕು, ಅದು ಮುಖ್ಯ. ಒಂದು ಹೊತ್ತು ಮರೆತು ಸ್ವಲ್ಪದರಲ್ಲೇ ನೆನಪಾದರೆ ತಕ್ಷಣ ನುಂಗಲಿ. ಮುಂದಿನ ಹೊತ್ತು ಹತ್ತಿರವಿದ್ದರೆ ಮರೆತ ಮಾತ್ರೆಯನ್ನು ಬಿಡಲಿ, ಎರಡು ಒಟ್ಟಿಗೆ ಬೇಡ. ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಮಾತ್ರೆ ಕೊಟ್ಟು "ಒಳಗಿನ ಔಷಧಿ ಒಂದೇ" ಅಂದರೆ ಒಪ್ಪಬೇಡಿ. ಕಂಪನಿ ಬದಲಿಸುವುದಿದ್ದರೆ ಡಾಕ್ಟರಿಗೆ ತಿಳಿಸಿ, ಬದಲಿಸಿದ ಮೇಲೆ ಮತ್ತೆ ಮಟ್ಟ ನೋಡಬೇಕು.

ಈಗ ಈ ಮಟ್ಟವನ್ನು ಬುಡಮೇಲು ಮಾಡುವ ಸಂಗತಿಗಳು. ನಮ್ಮ ಕರಾವಳಿಯ ಸೆಕೆಗೆ ತೊಡೆಸಂದಿಯಲ್ಲಿ ಗಜಕರ್ಣ ಬರೋದು ಮಾಮೂಲಿ. ಅದಕ್ಕೆ ಊರಿನ ಕ್ಲಿನಿಕ್ಕಿನಲ್ಲಿ ಇಟ್ರಾಕೊನಜೋಲ್ ಅಥವಾ ಫ್ಲುಕೊನಜೋಲ್ ಬರೆದುಕೊಡುತ್ತಾರೆ. ಟ್ಯಾಕ್ರೋಲಿಮಸನ್ನು ಒಡೆದುಹಾಕುವ ಕಿಣ್ವವನ್ನು ಇವು ತಡೆಯುತ್ತವೆ, ಕೆಲವೇ ದಿನದಲ್ಲಿ ಮಟ್ಟ ವಿಪರೀತ ಏರಿ ಕೈ ನಡುಗುತ್ತದೆ, ಕಿಡ್ನಿಯ ಕೆಲಸ ಕುಗ್ಗಿದ್ದನ್ನು ತೋರಿಸುವ ರಕ್ತದ ಅಂಶವಾದ ಕ್ರಿಯಾಟಿನಿನ್ ಏರುತ್ತದೆ. ಹಚ್ಚುವ ಮುಲಾಮು ಸಾಕೇ ಅಂತ ಮೊದಲು ಕೇಳಿ. ಕೆಮ್ಮಿಗೆ ಕೊಡುವ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಕಥೆಯೂ ಅದೇ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟೋಯಿನ್ ಇದಕ್ಕೆ ಉಲ್ಟಾ, ಮಟ್ಟವನ್ನು ನೆಲಕಚ್ಚಿಸುತ್ತವೆ. ಹಿತ್ತಲಿನ ಚಕ್ಕೋತ ಹಣ್ಣೂ ಮಟ್ಟ ಏರಿಸುತ್ತದೆ, ಒಂದು ತೊಳೆಯೂ ಬೇಡ. ಭೇದಿಯಾದರೆ ಔಷಧಿ ಹೊರಗೆ ಹೋಗಿ ಮಟ್ಟ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದು ತದ್ವಿರುದ್ಧ: ಕರುಳಿನ ಒಳಪದರ ಕೆಟ್ಟಾಗ ಔಷಧಿ ಅಲ್ಲಿ ಒಡೆಯದೆ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಎರಡು ದಿನಕ್ಕಿಂತ ಹೆಚ್ಚು ಭೇದಿ ಇದ್ದರೆ ಮಟ್ಟ ನೋಡಿಸಿ. ಕಸಿಯಾದವರು ನುಂಗುವ ಇನ್ನೊಂದು ಮಾತ್ರೆ ಮೈಕೋಫಿನೋಲೇಟ್‌ನಿಂದಲೂ ಭೇದಿ ಆಗುವುದುಂಟು, ಆದರೆ ಅದನ್ನು ನೀವಾಗಿ ನಿಲ್ಲಿಸುವಂತಿಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬಾರದು.

ಮೈಕೈ ನೋವಿಗೆ, ತಲೆನೋವಿಗೆ ಪ್ಯಾರಾಸಿಟಮಾಲ್ ಒಂದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮಾತ್ರೆಯೂ ಬೇಡ, ಇಂಜೆಕ್ಷನ್ನೂ ಬೇಡ.

ಇನ್ನು ನಮ್ಮ ಕಡೆಯ ವಿಶೇಷಗಳು. ಬಿಂಬುಳಿ ಮತ್ತು ಕಮರಾಕ್ಷಿಯಲ್ಲಿ ಕಿಡ್ನಿಯಲ್ಲಿ ಹರಳಾಗಿ ಕೂರುವ ಆಕ್ಸಲೇಟ್ ಬಹಳ. ಬಿಂಬುಳಿ ರಸ ಕುಡಿದು ಚೆನ್ನಾಗಿದ್ದವರ ಕಿಡ್ನಿಯೇ ನಿಂತದ್ದಿದೆ, ಒಂದೇ ಕಿಡ್ನಿಯ ಮೇಲೆ ಬದುಕುವವರ ಹತ್ತಿರ ಇವೆರಡೂ ಸುಳಿಯಬಾರದು. ಹುಳಿಗೆ ಬೇರೆ ಏನಾದರೂ ಹಾಕಿ. ಅಮೃತಬಳ್ಳಿ ಕಷಾಯವನ್ನು ಪ್ರೀತಿಯಿಂದ ತಂದುಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ಕೆರಳಿಸುವಂಥದ್ದು, ನಿಮ್ಮ ತಮ್ಮನ ಮಾತ್ರೆಗಳು ಕಷ್ಟಪಟ್ಟು ತಗ್ಗಿಸುತ್ತಿರುವುದೂ ಅದೇ ಶಕ್ತಿಯನ್ನು. ಜೀರಿಗೆ-ಕೊತ್ತಂಬರಿ ಕಷಾಯಕ್ಕೆ ತೊಂದರೆಯಿಲ್ಲ. ಅಬ್ಬಿ ನೀರು ಎಷ್ಟೇ ತಿಳಿಯಾಗಿರಲಿ, ಬಾವಿ ನೀರು ಎಷ್ಟೇ ಸಿಹಿಯಾಗಿರಲಿ, ಕುದಿಸಿಯೇ ಕುಡಿಯಬೇಕು. ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್, ಡಾಕ್ಟರು ಬೇರೆ ಹೇಳದಿದ್ದರೆ. ಹಸಿ ಸೊಪ್ಪಿನ ತಂಬುಳಿಗಿಂತ ಸೊಪ್ಪನ್ನು ಹುರಿದು ಬೀಸಿದ ತಂಬುಳಿ ಲೇಸು. ಆಲೆಮನೆಯ ಹಸಿ ಕಬ್ಬಿನ ಹಾಲು ಬಿಡಿ. ಸ್ಟೀರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಎರಡೂ ಸಕ್ಕರೆ ಏರಿಸುತ್ತವೆ, ಅದರ ಮೇಲೆ ಆ ಗಾಣದ ಶುಚಿ ಬೇರೆ.

ಬಂಗಡೆ, ತಾರ್ಲೆ ಧಾರಾಳ ತಿನ್ನಲಿ. ಬಳಚು, ಕಲ್ವಾ ಮಾತ್ರ ಚಿಪ್ಪು ಬಾಯ್ಬಿಟ್ಟ ಮೇಲೂ ಚೆನ್ನಾಗಿ ಕುದಿಯಬೇಕು, ಅರೆಬೆಂದ ಚಿಪ್ಪಿನಲ್ಲಿ ಕಾಮಾಲೆ, ವಾಂತಿಭೇದಿಯ ರೋಗಾಣು ಉಳಿಯುತ್ತದೆ. ಉಪ್ಪು ದಿನಕ್ಕೆ ಎಲ್ಲಾ ಸೇರಿ ಒಂದು ಚಹಾ ಚಮಚ, 5 ಗ್ರಾಂ. ಒಣಮೀನು, ಹಪ್ಪಳ, ಅಪ್ಪೆಮಿಡಿ ಇದರಲ್ಲೇ ಲೆಕ್ಕ. ಅಪ್ಪೆಮಿಡಿ ಪೂರ್ತಿ ಬಿಡಿ ಅಂದರೆ ಈ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ, ಹಬ್ಬಕ್ಕೊಂದು ತುಂಡು ಇರಲಿ. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಟ್ಯಾಕ್ರೋಲಿಮಸ್ ಮೊದಲೇ ಪೊಟ್ಯಾಸಿಯಂ ಏರಿಸುವ ಔಷಧಿ, ಆದ್ದರಿಂದ ಆ ಉಪ್ಪು ಬೇಡ. ಎಳನೀರನ್ನೂ ಅದಕ್ಕೇ ಪೊಟ್ಯಾಸಿಯಂ ವರದಿ ನೋಡಿಕೊಂಡು ಕೊಡಿ.

ತೋಟದ ವಿಷಯ. ಅಪಾಯ ಇರೋದು ಅಡಿಕೆ ಮರದಲ್ಲಲ್ಲ, ಕೊಳೆಯುವುದರಲ್ಲಿ. ದರಕು (ಉದುರಿದ ಒಣ ಎಲೆ) ಗುಡಿಸುವುದು, ಗೊಬ್ಬರದ ಗುಂಡಿ ಕೆದಕುವುದು, ಮುಗ್ಗಿದ ಹುಲ್ಲು ಕೊಡವುವುದು, ಒಣಗಿದ ಅಡಿಕೆ ಸುಲಿಯುವುದು ಇವೆಲ್ಲ ಬೂಷ್ಟಿನ ಕಣ ಎಬ್ಬಿಸುತ್ತವೆ. ಅದು ಎದೆಗೆ ಹೋಗಿ ಕೂತರೆ ಇಂಥವರಲ್ಲಿ ಗುಣಪಡಿಸುವುದು ಬಹಳ ಕಷ್ಟ. ಈ ಕೆಲಸಗಳನ್ನು ಬೇರೆಯವರು ಮಾಡಲಿ. ನೀರು ಬಿಡುವುದು, ಲೆಕ್ಕ ನೋಡುವುದು, ಕೊಯ್ಲಿಗೆ ನಿಂತು ಮಾಡಿಸುವುದು ಅವನಿಗಿರಲಿ. ಕೊಟ್ಟಿಗೆ ಸಗಣಿ ಎತ್ತುವುದೂ ಬೇಡ.

ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಬರಿಗಾಲಲ್ಲಿ ಇಳಿಯಬಾರದು. ಇಲಿಜ್ವರ ನಿಮಗೆ ಗೊತ್ತು. ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ರೋಗಾಣುವೂ ಇದೆ, ಗಾಯದ ಮೂಲಕ ಒಳಗೆ ಹೋಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೂ ನಿರೋಧಕ ಶಕ್ತಿ ತಗ್ಗಿದವರಿಗೂ ಜೋರಾಗಿ ಬರುತ್ತದೆ. ಮೊಣಕಾಲುದ್ದದ ಗಂಬೂಟು ಹಾಕಲಿ, ಕಾಲಲ್ಲಿ ಗಾಯ ಇದ್ದರೆ ಇಳಿಯಲೇಬಾರದು. ಡಿಸೆಂಬರಿನಿಂದ ಮೇವರೆಗೆ ಕಾಡಂಚಿಗೆ ಸೊಪ್ಪು, ಸೌದೆಗೆ ಹೋಗುವುದು ಬೇಡ, ಸಿದ್ದಾಪುರ, ಹೊನ್ನಾವರ ಕಡೆ ಮಂಗನ ಕಾಯಿಲೆಯ ಉಣುಗು ಆಗಲೇ ಹೆಚ್ಚು.

ದಿನಾ ಬೆಳಿಗ್ಗೆ ಒಂದು ಪುಸ್ತಕದಲ್ಲಿ ತೂಕ, ಬಿಪಿ, ಜ್ವರ ಬರೆಯಿರಿ. ಒಂದೇ ದಿನದಲ್ಲಿ ಒಂದು ಕೆಜಿ ಏರಿದರೆ, ಮೂತ್ರ ಕಮ್ಮಿಯಾದರೆ, ಹೊಸ ಕಿಡ್ನಿ ಇರುವ ಕಿಬ್ಬೊಟ್ಟೆ ಮುಟ್ಟಿದರೆ ನೋವಾದರೆ ಅವತ್ತೇ ಫೋನ್ ಮಾಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಹಾಗೇ. ಸ್ಟೀರಾಯ್ಡ್ ಜ್ವರವನ್ನು ಅಡಗಿಸಿಡುತ್ತದೆ, "ಸ್ವಲ್ಪವೇ ಜ್ವರ" ಅಂತ ಒಂದು ರಾತ್ರಿ ಕಾಯಬೇಡಿ. ಆದರೆ ತಿರಸ್ಕಾರ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸದೆ ಕ್ರಿಯಾಟಿನಿನ್‌ನಲ್ಲಿ ಮಾತ್ರ ಕಾಣುತ್ತದೆ. ಯಾವಾಗಲೂ 1.1 ಇರುವವರಿಗೆ 1.4 ಬಂದರೆ, ಲ್ಯಾಬಿನ ಚೀಟಿಯಲ್ಲಿ ಅದು ಮಾಮೂಲಿಯ ಹತ್ತಿರವೇ ಕಂಡರೂ, ತಡಮಾಡಬಾರದು. ಚೆನ್ನಾಗಿದ್ದಾನೆ ಅಂತ ಪರೀಕ್ಷೆ ತಪ್ಪಿಸಬೇಡಿ.

ಲಸಿಕೆಯಲ್ಲಿ ಜೀವಂತ ರೋಗಾಣುವಿನವು, ಅಂದರೆ ದಡಾರ, ಸೀತಾಳೆ ಸಿಡುಬಿನವು (ಚಿಕನ್‌ಪಾಕ್ಸ್), ಕೂಡದು. ಫ್ಲೂ, ನ್ಯುಮೋನಿಯಾದ ಚುಚ್ಚುಮದ್ದು ಡಾಕ್ಟರನ್ನು ಕೇಳಿ ಹಾಕಿಸಿ.

ಮಳೆಗಾಲಕ್ಕೆ ಮುಂಚೆ ಎರಡು ವಾರದ ಮಾತ್ರೆ ಹೆಚ್ಚುವರಿ ಇರಲೇಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಬಂದಾಯಿತು, ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದ ರಸ್ತೆಯನ್ನೂ ಮಳೆಗಾಲದಲ್ಲಿ ನಂಬುವಂತಿಲ್ಲ. ಈ ಮಾತ್ರೆಗಳು ಸಣ್ಣ ಊರಿನ ಅಂಗಡಿಯಲ್ಲಿ ಸಿಗೋದು ಅಪರೂಪ, ತರಿಸಿಕೊಡಬೇಕು. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಡಬೇಡಿ, ತೇವ ಹಿಡಿಯುತ್ತದೆ. ಸ್ಕೂಟರಿನ ಡಿಕ್ಕಿಯಲ್ಲೂ ಇಡಬೇಡಿ. ಎಲ್ಲಾ ಮಾತ್ರೆಗಳ ಹೆಸರು-ಡೋಸ್, ಕೊನೆಯ ಮೂರು ಕ್ರಿಯಾಟಿನಿನ್, ಕಸಿ ವಿಭಾಗದ ಫೋನ್ ನಂಬರು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಮನೆಯವರೆಲ್ಲರ ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ. ರಾತ್ರಿ ತುರ್ತಿಗೆ ಹತ್ತಿರದ ಆಸ್ಪತ್ರೆಗೆ ಹೋದಾಗ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅದನ್ನೇ.