ಮೆಕ್ಕೆಜೋಳದ ರಾಶಿ ಜರಿಯುವುದನ್ನೂ ಕೆರೆ ಏರಿ ಕುಸಿಯುವುದನ್ನೂ ಕಂಪ್ಯೂಟರ್ ಒಂದೇ ರೀತಿ ಲೆಕ್ಕ ಹಾಕುತ್ತದೆಯೇ?

ಇಲ್ಲ. ರಾಶಿಯನ್ನು ಕಾಳು ಕಾಳಾಗಿ ಲೆಕ್ಕ ಹಾಕಬಹುದು. ಏರಿಯ ಮಣ್ಣಿಗೂ ಹಾಗೇ ಮಾಡಹೊರಟರೆ ಯಾವ ಕಂಪ್ಯೂಟರೂ ಸಾಲದು.

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಟ್ರ್ಯಾಕ್ಟರಿನಿಂದ ಮೆಕ್ಕೆಜೋಳ ಸುರಿಯುವುದನ್ನು ಗಮನಿಸಿ: ಮೇಲ್ಪದರ ಜಾರುತ್ತಿರುತ್ತದೆ, ಒಳಗಿನದು ಹೆಚ್ಚುಕಡಿಮೆ ಕದಲುವುದೇ ಇಲ್ಲ. ಎಂಜಿನಿಯರುಗಳಾದ ಪೀಟರ್ ಕಂಡಾಲ್ ಮತ್ತು ಓಟೊ ಸ್ಟ್ರ್ಯಾಕ್ 1979ರಲ್ಲಿ ಪ್ರಕಟಿಸಿದ ಲೆಕ್ಕದ ವಿಧಾನ ಇಂಥದ್ದಕ್ಕೇ ಹೇಳಿ ಮಾಡಿಸಿದಂತಿದೆ. ಎರಡು ಕಾಳು ತಾಗಿದಲ್ಲಿ ಒಂದರೊಳಗೊಂದು ಕೂದಲೆಳೆಯಷ್ಟು ನುಗ್ಗಿವೆ ಎಂದು ಭಾವಿಸಿ, ನುಗ್ಗಿದಷ್ಟಕ್ಕೆ ತಕ್ಕಂತೆ ಅವನ್ನು ಹಿಂದಕ್ಕೆ ತಳ್ಳಲಾಗುತ್ತದೆ. ಪಕ್ಕಕ್ಕೆ ಎಳೆಯುವ ಬಲ ಘರ್ಷಣೆಯ ಮಿತಿ ದಾಟಿದರೆ ಕಾಳು ಜಾರುತ್ತದೆ. ನಿಯಮ ಇಷ್ಟೇ. ಆದರೆ ಇದನ್ನು ಸೆಕೆಂಡಿನ ಲಕ್ಷದಲ್ಲೊಂದು ಭಾಗದಂಥ ಹೆಜ್ಜೆಗಳಲ್ಲಿ, ಪ್ರತಿ ಕಾಳಿಗೂ ಮಾಡಬೇಕು. ಕಾಳಿಗೆ ಕಾಲು ಗ್ರಾಂ ಹಿಡಿದರೂ ಒಂದೇ ಕ್ವಿಂಟಾಲಿಗೆ 4 ಲಕ್ಷ ಕಾಳು!

ಏರಿಯ ಜೇಡಿಮಣ್ಣಿನ ಕಣವೋ, ಕಣ್ಣಿಗೇ ಕಾಣದು. ಹಾಗಾಗಿ ಮಣ್ಣನ್ನು ಅಖಂಡ ವಸ್ತುವೆಂದೇ ಎಣಿಸುತ್ತಾರೆ. ಎಂಜಿನಿಯರುಗಳ ಹಳೆಯ ರೂಢಿಯಂತೆ ಅದನ್ನು ಚೌಕುಳಿ ಬಲೆಯಾಗಿ ವಿಂಗಡಿಸಿದರೆ, ಏರಿ ಒಂದೆರಡು ಅಂಗುಲ ಬಾಗುವವರೆಗೆ ಸರಿ. ಕುಸಿದು ಹರಿಯತೊಡಗಿದರೆ ಬಲೆಯೂ ಜೊತೆಗೇ ತಿರುಚಿಕೊಂಡು ಲೆಕ್ಕ ಕೆಡುತ್ತದೆ. ಇದನ್ನು ತಪ್ಪಿಸುವ ‘ಮೆಟೀರಿಯಲ್ ಪಾಯಿಂಟ್’ (ವಸ್ತು ಬಿಂದು) ವಿಧಾನದಲ್ಲಿ ಮಣ್ಣಿನ ದ್ರವ್ಯರಾಶಿ, ವೇಗ, ಒತ್ತಡಗಳನ್ನು ಚಲಿಸುವ ಬಿಂದುಗಳು ಹೊರುತ್ತವೆ. ಬಲೆಯ ಮೇಲೆ ಬಲದ ಲೆಕ್ಕ ಮುಗಿದೊಡನೆ ಬಿಂದುಗಳು ಮುಂದೆ ಸರಿಯುತ್ತವೆ, ಬಲೆ ಮಾತ್ರ ಮೊದಲಿನಂತೆ ನೆಟ್ಟಗಾಗುತ್ತದೆ.

ನೆನೆದ ಏರಿಯಾದರೆ ಮಣ್ಣಿನ ಸಂದುಗಳಲ್ಲಿರುವ ನೀರಿನ ಒತ್ತಡವನ್ನೂ ಸೇರಿಸಬೇಕು. ಅದನ್ನು ಬಿಟ್ಟು ಮಾಡಿದ ಅನಿಮೇಷನ್ ಎಷ್ಟೇ ಚೆಂದವಿದ್ದರೂ ನಾನು ನಂಬುವುದಿಲ್ಲ.