ಯಾರು ಆರಿಸಿದರು?

ಪ್ರಿಯರೆ,

ಕ್ವಾಂಟಂ ಕಣಸಮೂಹಗಳ ಉಷ್ಣ ಗುಣಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗ್ಗೆ ಶಹಾಪುರದಿಂದ ನೀವು ಕಳಿಸಿದ ಲೇಖನ ಓದಿದೆ. ಮೇಲೆ ಅಥವಾ ಕೆಳಗೆ ಮುಖ ಮಾಡುವ ಪುಟ್ಟ ಕಾಂತಗಳಂಥ 40 ಸ್ಪಿನ್‌ಗಳಿಗೇ ಸುಮಾರು 1.1 ಲಕ್ಷ ಕೋಟಿ ಸ್ಥಿತಿಗಳು ಎಂದು ವಿವರಿಸಿದ್ದು ಚೆನ್ನಾಗಿದೆ. ಆದರೆ ಈಗಿರುವಂತೆ ಅಚ್ಚು ಹಾಕಲಾರೆ.

ನಿಮ್ಮ ಮೊದಲ ವಾಕ್ಯ: "ಕಲಬುರಗಿಯ ಮೇ ತಿಂಗಳ 42 ಡಿಗ್ರಿ ಉರಿಯಲ್ಲಿ ಕ್ವಾಂಟಂ ಗುಣಗಳು ಕರಗಿಹೋಗುತ್ತವೆ." ನಮ್ಮೂರ ಬಿಸಿಲಿನಿಂದ ಶುರುವಾಗುವ ಲೇಖನಗಳನ್ನು ಓದಿ ಸಾಕಾಗಿದೆ, ಅದಿರಲಿ. ಮಾತೇ ತಪ್ಪು. ಬಿಸಿಯೋ ತಂಪೋ ಎಂಬುದನ್ನು ಸ್ಪಿನ್‌ಗಳು ಒಂದನ್ನೊಂದು ಹಿಡಿದಿರುವ ಶಕ್ತಿಗೆ ಹೋಲಿಸಿ ಹೇಳಬೇಕು. ನೀವೇ ಮುಂದೆ ಹೆಸರಿಸಿದ ಲ್ಯಾಂಥನಂ ಕಾಪರ್ ಆಕ್ಸೈಡಿನಲ್ಲಿ ಆ ಶಕ್ತಿಯನ್ನು ಉಷ್ಣತೆಯ ಅಳತೆಗೆ ತಂದರೆ ಸುಮಾರು 1500 ಕೆಲ್ವಿನ್. ನಮ್ಮ 42 ಡಿಗ್ರಿ ಎಂದರೆ 315 ಕೆಲ್ವಿನ್, ಐದರಲ್ಲಿ ಒಂದು ಪಾಲು. ಆ ಸ್ಪಿನ್‌ಗಳಿಗೆ ನಮ್ಮ ಮೇ ತಿಂಗಳು ಚಳಿಗಾಲ.

ಇನ್ನು ಭೌತವಿಜ್ಞಾನಿ ಸ್ಟೀವನ್ ವೈಟ್ 2009ರಲ್ಲಿ ಮುಂದಿಟ್ಟ 'ಮೆಟ್ಸ್' ವಿಧಾನ, ಎಂದರೆ ಎಲ್ಲ ಸ್ಥಿತಿಗಳ ಬದಲು ಕೆಲವೇ ಮಾದರಿ ಸ್ಥಿತಿಗಳ ಸರಾಸರಿಯಿಂದ ಉಷ್ಣ ಗುಣಗಳನ್ನು ಲೆಕ್ಕ ಹಾಕುವುದು. "ನಂತರ ಯೋಗ್ಯ ಸ್ಥಿತಿಗಳು ಆಯ್ಕೆ ಮಾಡಲ್ಪಡುತ್ತವೆ" ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಯಾರು ಆರಿಸಿದರು? ಹೇಗೆ?

ನಾನು ಕೆಲಸ ಕಲಿತದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಪತ್ರಿಕೆಯಲ್ಲಿ. "ಕೆರೆಯ ಹೂಳು ತೆಗೆಯಲಾಗಿದೆ" ಎಂಬ ಪ್ರಕಟಣೆಯೊಂದು ಬಂದಿತ್ತು. ನಮ್ಮ ಸಂಪಾದಕರು ಕನ್ನಡಕ ಮೇಲೆತ್ತಿ, "ಯಾರ್ ತೆಗದಾರ? ಹೋಗಿ ನೋಡ್ಕೊಂಡ್ ಬಾ ತಮ್ಮಾ" ಅಂದರು. ಸೈಕಲ್ ತುಳಿದುಕೊಂಡು ಹೋದೆ. ಹೂಳು ಇದ್ದಲ್ಲೇ ಇತ್ತು, ಅದರಲ್ಲಿ ಎಮ್ಮೆಗಳು ಆರಾಮಾಗಿ ಮಲಗಿದ್ದವು. ಅಂದಿನಿಂದ 'ಲಾಗಿದೆ', 'ಲ್ಪಟ್ಟಿದೆ' ಕಂಡರೆ ನನಗೆ ಅನುಮಾನ.

ನಿಮ್ಮ ಸಾಲಿನ ಅಡಿಯಲ್ಲೂ ಹೂಳಿದೆ. ಪ್ರತಿ ಸ್ಪಿನ್ನೂ ಮೇಲೆ ಅಥವಾ ಕೆಳಗೆ ಎಂದು ಗೊತ್ತಿರುವ ಸರಳ ಸ್ಥಿತಿಯಿಂದ ಹೊರಡುತ್ತೇವೆ. ಬೀಟಾ ಎಂದರೆ ಉಷ್ಣತೆಯ ವಿಲೋಮ. ಅದರ ಅರ್ಧದಷ್ಟು ಕಾಲ್ಪನಿಕ ಕಾಲದಲ್ಲಿ (ಗಡಿಯಾರದ ಕಾಲವಲ್ಲ, ಹೆಚ್ಚು ಶಕ್ತಿಯ ಭಾಗಗಳನ್ನು ಕುಗ್ಗಿಸುವ ಗಣಿತದ ಉಪಾಯ) ಆ ಸ್ಥಿತಿಯನ್ನು ನಡೆಸುತ್ತೇವೆ. ಶಕ್ತಿ, ಕಾಂತತೆ ಅಳೆದು ಬರೆದಿಟ್ಟುಕೊಳ್ಳುತ್ತೇವೆ. ಆಮೇಲೆ ಒಂದು ತುದಿಯಿಂದ ಸ್ಪಿನ್‌ಗಳನ್ನು ಒಂದೊಂದಾಗಿ ಅಳೆಯುತ್ತಾ, ಸಂಭವನೀಯತೆಗೆ ತಕ್ಕಂತೆ ಮೇಲೋ ಕೆಳಗೋ ಎಂದು ತೀರ್ಮಾನಿಸುತ್ತೇವೆ. ಸಿಕ್ಕ ಹೊಸ ಸರಳ ಸ್ಥಿತಿಯಿಂದ ಮತ್ತೆ ಅದೇ ಸುತ್ತು, ಕೊನೆಗೆ ಸರಾಸರಿ. 'ಯೋಗ್ಯ'ವಾದದ್ದನ್ನು ಇಲ್ಲಿ ಯಾರೂ ಆರಿಸುವುದಿಲ್ಲ. ಇನ್ನೊಂದು: ಪ್ರತಿ ಸ್ಪಿನ್ನನ್ನೂ ಸದಾ ಮೇಲೆ-ಕೆಳಗೆ ಎಂಬ ಒಂದೇ ದಿಕ್ಕಿನಲ್ಲಿ ಅಳೆದರೆ, ಉಷ್ಣತೆ ಹೆಚ್ಚಿದ್ದಾಗಂತೂ, ಹೆಚ್ಚುಕಡಿಮೆ ಹಳೆಯ ಸ್ಥಿತಿಯೇ ವಾಪಸ್ ಬರುತ್ತದೆ. ಅದಕ್ಕೇ ಅಳೆಯುವ ದಿಕ್ಕು ಬದಲಿಸುತ್ತಾರೆ. ನೀವು ಅದನ್ನು ಹೇಳಿಯೇ ಇಲ್ಲ.

ಈ ಎರಡು ಕಡೆ ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಆಮೇಲೆ ನೋಡುತ್ತೇನೆ.